ಕಬುಕಿ ನಟನ ಕೂದಲೆಳೆ ಬಿಡಿಸುವ ಮಾನಪ್ಪ

ಬೆಳಗಿನ ಐದು ಗಂಟೆ. ನಿಗಡಿಯ ಯಮುನಾನಗರದ ಹಿಂದಿನ ಓಣಿಯ ತುದಿಗೆ ಚಾಕಣದ ಕಂಪನಿ ಬಸ್ಸು ಬಂದು ನಿಲ್ಲುತ್ತದೆ, ಮೊದಲ ಶಿಫ್ಟಿನವರನ್ನು ಹತ್ತಿಸಿಕೊಂಡು ಹೊರಡುತ್ತದೆ. ಅದರ ಸದ್ದು ಹೆದ್ದಾರಿ ಸೇರಿ ಅಡಗುವ ತನಕ ಮಾನಪ್ಪ ಬಡಿಗೇರ ಉಳಿ ಮುಟ್ಟುವುದಿಲ್ಲ. ಬಸ್ಸು ಹೋಗುವಾಗ ನೆಲ ಸಣ್ಣಗೆ ಅದುರುತ್ತದೆ, ನೆಲದ ಅದುರು ಮಣೆಗೆ ಬರುತ್ತದೆ, ಮಣೆಯಿಂದ ಹಲಗೆಗೆ. ಅಷ್ಟು ಅದುರಿದರೂ ಸಾಕು, ಎಂಟು ದಿನದ ಕೆಲಸ ಹಾಳಾಗುತ್ತದೆ.

ಓಣಿ ಮತ್ತೆ ಸುಮ್ಮನಾಗುತ್ತದೆ. ಮಾನಪ್ಪ ಟೇಬಲ್ ಲೈಟನ್ನು ಹಲಗೆಯ ಹತ್ತಿರ ಎಳೆದುಕೊಂಡು, ಬಲಗೈಯ ಉಳಿಗೆ ಎಡಗೈಯ ನಡುಬೆರಳನ್ನು ಆನಿಸಿ, ಉಸಿರು ಹಿಡಿದು ಒಂದು ಗೆರೆ ಕೊಯ್ಯುತ್ತಾರೆ. ಹಲಗೆ ಹೆದ್ದಿ ಮರದ್ದು, ಅರಿಶಿನ ಕಲಸಿದ ಹಾಗೆ ಹಳದಿ. ಅದರ ಮೇಲೆ ತೆಳು ಕಾಗದವೊಂದನ್ನು ಬೋರಲು ಅಂಟಿಸಿದೆ. ಕಾಗದದಲ್ಲಿ ಒಬ್ಬ ನಟನ ಮುಖ: ಒಂದಕ್ಕೊಂದು ಅಡ್ಡ ತಿರುಗಿದ ಕಣ್ಣುಗುಡ್ಡೆ, ಕೆಳಕ್ಕೆಳೆದ ತುಟಿ, ನುಣ್ಣಗೆ ಬಾಚಿ ಕಟ್ಟಿದ ಕೂದಲು. ಕಿವಿಯ ಪಕ್ಕ, ಕೂದಲು ಶುರುವಾಗುವಲ್ಲಿ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಇಪ್ಪತ್ತಾರು ಎಳೆ ಬರಬೇಕು. ಇವತ್ತಿಗೆ ಹದಿನೇಳು ಮುಗಿದಿವೆ.

"ಒಂದು ಕೂದಲಕ್ಕ ಎರಡು ಗೆರಿ ಕೊಯ್ಯಬೇಕ್ರಿ. ಆಚೀಕಡೆ ಒಂದು, ಈಚೀಕಡೆ ಒಂದು. ನಡುವ ಉಳೀತೈತಲ್ಲ, ಅದು ಕೂದಲು," ಎನ್ನುತ್ತಾರೆ ಮಾನಪ್ಪ. "ನಾವು ಕೂದಲಾ ಕೆತ್ತೂದಿಲ್ರಿ. ಕೂದಲಾ ಬಿಟ್ಟು ಉಳಿದದ್ದನ್ನ ಕೆತ್ತತೀವಿ. ದಿನಕ್ಕ ನಾಕು, ಭಾಳಂದ್ರ ಐದು. ಕಣ್ಣು ದಣೀತಂದ್ರ ಎದ್ದುಬಿಡಬೇಕು."

ಪಕ್ಕದ ಅಡುಗೆಮನೆಯಲ್ಲಿ ಅವರ ಹೆಂಡತಿ ಶೈಲಾ ಒದ್ದೆ ಬಟ್ಟೆ ಸರಿಸಿ ಕಾಗದದ ಕಟ್ಟನ್ನು ಮುಟ್ಟಿ ನೋಡುತ್ತಿದ್ದಾರೆ. ನಿನ್ನೆ ಸಂಜೆ ತೇವ ಮಾಡಿಟ್ಟ ಹಾಳೆಗಳು, ಆಗಲೇ ಕೆತ್ತಿ ಮುಗಿದ ಇನ್ನೊಂದು ಅಚ್ಚಿಗೆ. ಅಚ್ಚು ಒತ್ತುವ ಕೆಲಸ ಅವರದು. ಪುಣೆಯ ಬೇಸಿಗೆಯಲ್ಲಿ ಎಂಟು ಗಂಟೆ ದಾಟಿದರೆ ಹಾಳೆ ಬಿಗಿಯುತ್ತದೆ, ಹಲಗೆಯ ಮೇಲಿನ ಬಣ್ಣ ಅಲ್ಲೇ ಒಣಗುತ್ತದೆ. ಹೀಗಾಗಿ ಇಬ್ಬರ ಕೆಲಸವೂ ಬೆಳಕು ಹರಿಯುವ ಮೊದಲೇ ಶುರು.

ಈ ಮುಖವನ್ನು ಮಾನಪ್ಪ ಕೆತ್ತುತ್ತಿರುವುದು ಇದು ಎರಡನೇ ಸಲ. ಮೊದಲ ಸಲ ಕೆತ್ತಿದ ಹಲಗೆ ಪುಣೆಯ ಒಂದು ಪೊಲೀಸ್ ಠಾಣೆಯ ಸಾಮಾನು ಕೋಣೆಯಲ್ಲಿದೆ.

ಅದು ಅಲ್ಲಿಗೆ ಹೋದ ಕತೆ ಹೇಳುವ ಮೊದಲು ಈ ಚಿತ್ರಗಳ ವಿಷಯ ಸ್ವಲ್ಪ ಹೇಳಬೇಕು. ನೂರೈವತ್ತು, ಇನ್ನೂರು ವರ್ಷದ ಹಿಂದೆ, ಟೋಕಿಯೊ ನಗರಕ್ಕೆ ಎಡೋ ಎಂಬ ಹೆಸರಿದ್ದಾಗ, ಅಲ್ಲಿನ ಜನಕ್ಕೆ ಕಬುಕಿ ನಾಟಕದ ಹುಚ್ಚು. ನಮ್ಮ ಹಳೆಯ ಕಂಪನಿ ನಾಟಕಗಳ ಹಾಗೆ ಅಲ್ಲಿಯೂ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ಮೆಚ್ಚಿನ ನಟ ಹೊಸ ವೇಷ ಹಾಕಿದ ಎಂದರೆ ಸ್ವಲ್ಪ ದಿನದಲ್ಲೇ ಅವನ ಬಣ್ಣದ ಚಿತ್ರ ಅಂಗಡಿಗೆ ಬರುತ್ತಿತ್ತು, ಜನ ಕೊಂಡು ಮನೆಗೆ ಒಯ್ಯುತ್ತಿದ್ದರು. ಚಿತ್ರಗಾರ ಬರೆದುಕೊಟ್ಟದ್ದನ್ನು ಒಬ್ಬ ಮರದಲ್ಲಿ ಕೆತ್ತುತ್ತಿದ್ದ, ಇನ್ನೊಬ್ಬ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆಯಿಂದ ಹಾಳೆಯ ಮೇಲೆ ಒತ್ತುತ್ತಿದ್ದ. ಹಾಳೆಯ ಮೇಲೆ ಚಿತ್ರಗಾರನ ರುಜು ಇರುತ್ತಿತ್ತು, ಮಾರುವವನ ಮುದ್ರೆ ಇರುತ್ತಿತ್ತು. ಕೆತ್ತಿದವನ ಹೆಸರು ಅಪರೂಪಕ್ಕೆ ಕಾಣುತ್ತದೆ. ಒತ್ತಿದವನದು ಅದಕ್ಕಿಂತ ಅಪರೂಪ.

ಮಾನಪ್ಪ ಜಪಾನ್ ನೋಡಿದವರಲ್ಲ. ಅವರು ಬೆಳಗಾವಿ ಕಡೆಯವರು. ತಂದೆ ಕಾಳಪ್ಪ ಊರೂರಿನ ದೊಡ್ಡಾಟದ ಮೇಳಗಳಿಗೆ ಕಟ್ಟಿಗೆಯ ಕಿರೀಟ, ಭುಜಕೀರ್ತಿ ಮಾಡಿಕೊಡುತ್ತಿದ್ದರು. ಮಗನಿಗೆ ಆ ಕೆಲಸಕ್ಕಿಂತ ಫೌಂಡ್ರಿ ಕೆಲಸ ಗಟ್ಟಿ ಎನಿಸಿತು. ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಮೊದಲು, ಬೇಕಾದ ಭಾಗವನ್ನು ಕಟ್ಟಿಗೆಯಲ್ಲಿ ಮಾಡಿ ಮರಳಿನಲ್ಲಿ ಅಚ್ಚು ತೆಗೆಯಬೇಕು. ಆ ಕಟ್ಟಿಗೆಯ ಮಾದರಿಗೆ ಕಾರ್ಖಾನೆಯವರು ಪ್ಯಾಟರ್ನ್ ಎನ್ನುತ್ತಾರೆ. ಅದನ್ನು ಕಲಿತು ಇಪ್ಪತ್ತೊಂದನೇ ವಯಸ್ಸಿಗೆ ಮಾನಪ್ಪ ಪುಣೆಗೆ ಬಂದರು, ಭೋಸರಿಯ ಒಂದು ಪ್ಯಾಟರ್ನ್ ಶಾಪಿನಲ್ಲಿ ಮೂವತ್ತೆರಡು ವರ್ಷ ದುಡಿದರು. ಪಂಪಿನ ಹೊಟ್ಟೆ, ಗೇರ್ ಪೆಟ್ಟಿಗೆ, ಟ್ರಕ್ಕಿನ ಬ್ರೇಕ್ ಡ್ರಮ್ಮು. ಕಬ್ಬಿಣ ಆರಿದಾಗ ಎಷ್ಟು ಕುಗ್ಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ, ಕಟ್ಟಿಗೆಯನ್ನು ಅಷ್ಟು ದೊಡ್ಡದು ಬಿಡಬೇಕು. ಉಬ್ಬು ಇದ್ದಲ್ಲಿ ತಗ್ಗು, ಎಡ ಇದ್ದಲ್ಲಿ ಬಲ ಎಂದು ಯೋಚಿಸುವುದು ಅವರ ತಲೆಗೆ ಆಗಲೇ ಅಂಟಿತು.

"ರಸ್ತೆದಾಗ ಗಾಡಿ ಹೋಗ್ತಾವಲ್ರಿ, ಅದರಾಗ ನಾ ಮಾಡಿದ್ದು ಯಾವುದೂ ಇಲ್ಲ," ಎಂದು ಅವರು ನಗುತ್ತಾರೆ. "ನಾ ಮಾಡಿದ್ದರ ಅಚ್ಚು ಐತಿ. ನಂದು ಮರಳು ಕೊಡವಿ ಮೂಲ್ಯಾಗ ಇಟ್ಟಿರತಾರ."

ಆಮೇಲೆ ಕಂಪ್ಯೂಟರಿನ ಯಂತ್ರಗಳು ಬಂದವು. ಮಾನಪ್ಪ ಹತ್ತು ದಿನ ಮಾಡುತ್ತಿದ್ದ ಪ್ಯಾಟರ್ನನ್ನು ಯಂತ್ರ ಒಂದು ಪಾಳಿಯಲ್ಲಿ ಕೊರೆದು ಕೊಟ್ಟಿತು. ಶಾಪಿನ ಹದಿನಾಲ್ಕು ಜನ ಆರಾದರು, ಆರು ಮೂವರಾದರು, ಕೊನೆಗೆ ಮಾಲಕರೇ ಬಾಗಿಲು ಹಾಕಿದರು. ಐವತ್ತಮೂರರ ಮಾನಪ್ಪ ಉಳಿಯ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋಗಿ ಕುರ್ಚಿ, ಕಪಾಟು ರಿಪೇರಿ ಮಾಡತೊಡಗಿದರು.

ಹಾಗೆ ಹೋದ ಮನೆಗಳಲ್ಲಿ ಒಂದು ಪ್ರಾಚಿ ಎಂಬವರದು. ಪ್ರಾಚಿ ಪುಣೆಯ ಹುಡುಗರಿಗೆ ಜಪಾನಿ ಭಾಷೆ ಕಲಿಸುತ್ತಾರೆ. ಅವರು ಕಪಾಟಿನ ಕೆಲಸ ಮುಗಿದ ಮೇಲೆ ಬಟ್ಟೆ ಸುತ್ತಿದ ಎರಡು ತುಂಡು ಹಲಗೆ ತಂದು ತೋರಿಸಿದರು. ಜಪಾನಿನಲ್ಲಿ ಅವರ ಗುರುಗಳು ಕೊಟ್ಟ ಹಳೆಯ ಅಚ್ಚು. ನಟನ ಚಿತ್ರದ್ದು. ಸಾಮಾನಿನ ಸಾಗಾಣಿಕೆಯಲ್ಲಿ ಮುಖದ ನಡುವೆ ಸೀಳಿತ್ತು.

"ಕಾಕಾ, ಇದನ್ನು ಅಂಟಿಸೋಕೆ ಆಗುತ್ತಾ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

ಮಾನಪ್ಪ ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಹತ್ತು ನಿಮಿಷ ತಿರುಗಿಸಿ ತಿರುಗಿಸಿ ನೋಡಿದರು. ಉಳಿ ಎಲ್ಲಿ ಹೊಕ್ಕಿದೆ, ಎಲ್ಲಿ ಎತ್ತಿದ್ದಾರೆ, ಯಾವ ಗೆರೆ ಮೊದಲು, ಯಾವುದು ಆಮೇಲೆ, ಎಲ್ಲವೂ ಮರದ ಮೇಲೆ ಹಾಗೇ ಇತ್ತು. ಮುಖವನ್ನೂ ಅವರು ಗುರುತು ಹಿಡಿದರು. ದೊಡ್ಡಾಟದಲ್ಲಿ ರಾಕ್ಷಸ ಪಾತ್ರಧಾರಿ ಹೆಜ್ಜೆ ಅಪ್ಪಳಿಸಿ, ಕುಣಿತ ನಿಲ್ಲಿಸಿ, ಕಣ್ಣುಗುಡ್ಡೆ ತಿರುಗಿಸಿ ಜನರನ್ನು ದಿಟ್ಟಿಸುತ್ತಾನಲ್ಲ, ಅದೇ ನೋಟ.

"ಅಂಟಿಸಿದ್ರ ಗೆರಿ ಕಾಣತೈತಿ, ತಾಯಿ," ಎಂದರು. "ನಾ ಹೊಸಾದು ಕೆತ್ತಿ ಕೊಡ್ತೀನಿ."

ಕೊಡುತ್ತೇನೆ ಎಂದದ್ದು ಸುಲಭ. ತೇಗದಲ್ಲಿ ಕೆತ್ತಿದರು, ಎಳೆ ಒರಟು. ಶೀಸಂ ಬಹಳ ಗಡಸು, ಕೂದಲು ಚೂರಾಗಿ ಉದುರಿತು. ಬೋಪೋಡಿಯ ಒಂದು ಟಿಂಬರ್ ಅಂಗಡಿಯಲ್ಲಿ ಹಳೇ ಮನೆ ಬೀಳಿಸಿದಾಗ ಬಂದ ಹೆದ್ದಿ ಮರದ ತುಂಡು ಸಿಕ್ಕಿತು. ಅದು ಒಪ್ಪಿತು. ಉಳಿಯನ್ನು ಅವರೇ ಮಾಡಿಕೊಂಡರು, ಮುರಿದ ಹ್ಯಾಕ್ಸಾ ಬ್ಲೇಡು ತೇದು. ಅಚ್ಚು ಒತ್ತುವವರು ಯಾರು ಎಂಬ ಪ್ರಶ್ನೆ ಬಂದಾಗ ಶೈಲಾ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದರು. ಬಣ್ಣ ಸವರಲು ಬೂಟ್ ಪಾಲಿಶ್ ಬ್ರಷ್ಷು. ಬಣ್ಣಕ್ಕೆ ಅಕ್ಕಿ ಗಂಜಿ. ಹಾಳೆಯ ಬೆನ್ನು ತಿಕ್ಕಲು ಜಪಾನಿನಲ್ಲಿ ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಒತ್ತು ಬಳಸುತ್ತಾರೆ. ಶೈಲಾ ಹತ್ತಿಯ ಹುರಿಯನ್ನು ಚಕ್ಕುಲಿಯ ಹಾಗೆ ಸುತ್ತಿ, ಮೇಲೆ ಗೋವಿನಜೋಳದ ತೆನೆಯ ಸಿಪ್ಪೆ ಹೊದಿಸಿ ಹೊಲಿದರು. ಮೊದಲ ತಿಂಗಳು ಹಾಳೆ ಹರಿದದ್ದೇ ಹೆಚ್ಚು.

"ಇವರು ಕೆತ್ತಿದ್ದು ಹಾಳ ಆದೀತು ಅಂತ ಭಾಳ ಅಂಜತಿದ್ದೆ," ಎನ್ನುತ್ತಾರೆ ಶೈಲಾ. "ಅಂಜಿದಷ್ಟೂ ಕೈ ಭಾರ ಬೀಳತಿತ್ತು. ಒಂದಿನ ಮಗನ ಮ್ಯಾಲ ಸಿಟ್ಟಾಗಿ, ಅದs ಗುಂಗಿನ್ಯಾಗ ತಿಕ್ಕಿಬಿಟ್ಟೆ ನೋಡ್ರಿ. ಎತ್ತಿ ನೋಡ್ತೀನಿ, ಕಣ್ಣಿನ ರೆಪ್ಪಿ ಸುದ್ದಾ ಚೊಲೋ ಬಿದ್ದಾವು."

ಈಗ ಅವರ ಕೈ ಪಳಗಿದೆ. ಒಂದು ಚಿತ್ರಕ್ಕೆ ಕಪ್ಪು ಗೆರೆಯ ಹಲಗೆ ಒಂದು, ಬಣ್ಣಕ್ಕೆ ಹತ್ತೋ ಹನ್ನೊಂದೋ. ಪ್ರತಿ ಹಾಳೆ ಹನ್ನೊಂದು, ಹನ್ನೆರಡು ಸಲ ಹಲಗೆಯ ಮೇಲೆ ಮಲಗಿ ಏಳಬೇಕು, ಪ್ರತಿ ಸಲವೂ ಅದೇ ಮೂಲೆಗೆ ಕೂರಬೇಕು. ಕೂದಲಿನಷ್ಟು ಸರಿದರೂ ತುಟಿಯ ಕೆಂಪು ಗಲ್ಲಕ್ಕೆ ಬರುತ್ತದೆ. ಶೈಲಾ ಒಂದು ಬೆಳಗಿಗೆ ನಲವತ್ತು ಹಾಳೆಗೆ ಒಂದು ಬಣ್ಣ ಒತ್ತುತ್ತಾರೆ. ಬಲ ಭುಜ ನೋಯುವುದರಿಂದ ಎಡದಿಂದ ಬಲಕ್ಕೆ ಬರುವಾಗ ಒತ್ತು ಸ್ವಲ್ಪ ಕಡಿಮೆಯಾಗುತ್ತದೆ, ಹಾಳೆ ತಿರುವಿದರೆ ಬಣ್ಣ ಬಲಕ್ಕೆ ಗಟ್ಟಿ, ಎಡಕ್ಕೆ ತೆಳು. ಅದನ್ನು ಅವರೇ ಹೇಳುತ್ತಾರೆ.

ಪ್ರಾಚಿ ತಮ್ಮ ವಿದ್ಯಾರ್ಥಿಗಳಿಗೆ ಇವರ ಕೆಲಸ ತೋರಿಸಿದರು. ಸುದ್ದಿ ಬಾಯಿಂದ ಬಾಯಿಗೆ ಹೋಗಿ, ಕೋರೆಗಾಂವ್ ಪಾರ್ಕಿನಲ್ಲಿ ಹಳೆಯ ವಸ್ತುಗಳ ಅಂಗಡಿ ಇಟ್ಟಿದ್ದ ಪೃಥ್ವಿರಾಜ್ ಎಂಬವರ ಕಿವಿಗೂ ಬಿತ್ತು. ಅವರು ಕಾರಿನಲ್ಲಿ ನಿಗಡಿಗೆ ಬಂದರು, ಶೈಲಾ ಕೊಟ್ಟ ಚಹಾ ಕುಡಿದರು, ಕಬುಕಿ ನಟರ ಚಿತ್ರಗಳ ದೊಡ್ಡ ಫೋಟೋಗಳನ್ನು ನೆಲದ ಮೇಲೆ ಹರಡಿದರು. ಹೋಟೆಲುಗಳ ಗೋಡೆಗೆ ಬೇಕು, ಒಂದೊಂದು ಇಪ್ಪತ್ತು ಹಾಳೆ ಮಾಡಿಕೊಡಿ ಎಂದರು. ಮೂರು ವರ್ಷದಲ್ಲಿ ಐದು ನಟರು. ಇಬ್ಬರಿಗೂ ಕೈ ತುಂಬ ಕೆಲಸ. ಮಾನಪ್ಪ ಉಳಿಯ ಚೀಲವನ್ನು ಮೊಳೆಗೆ ನೇತುಹಾಕಿದರು, ಕುರ್ಚಿ ರಿಪೇರಿಗೆ ಹೋಗುವುದು ನಿಂತಿತು.

ಮೂರನೇ ನಟನ ಹೊತ್ತಿಗೆ ಪೃಥ್ವಿರಾಜ್ ಹಾಳೆಯನ್ನೂ ತಾವೇ ತಂದುಕೊಡತೊಡಗಿದರು. ಹಳೆಯ ಜಪಾನಿ ಪುಸ್ತಕಗಳಿಂದ ಬಿಡಿಸಿದ ಖಾಲಿ ಹಾಳೆಗಳು, ಅಂಚು ಕಂದಿದ್ದವು. ಅಂಚಿನಲ್ಲಿ ಇಸವಿ ಹಾಕುವ ರೂಢಿಯನ್ನೂ ಬಿಡಲು ಹೇಳಿದರು.

"ಇದ್ಯಾಕ ಸಾಹೇಬ್ರ, ಹಳೇ ಹಾಳಿ?" ಎಂದು ಶೈಲಾ ಕೇಳಿದ್ದುಂಟು.

"ಲುಕ್ ಚೆನ್ನಾಗಿ ಬರುತ್ತೆ, ತಾಯಿ," ಎಂದು ಪೃಥ್ವಿರಾಜ್ ನಕ್ಕರು.

ಅಲ್ಲಿಗೆ ಆ ಮಾತು ಮುಗಿಯಿತು. ಮುಗಿಯಬಾರದಿತ್ತು ಎಂದು ಮಾನಪ್ಪ ಈಗ ಹೇಳುತ್ತಾರೆ.

ಕಳೆದ ವರ್ಷ ಫೆಬ್ರುವರಿಯಲ್ಲಿ ಪ್ರಾಚಿಯ ಜಪಾನಿ ತರಗತಿಯ ವಾರ್ಷಿಕೋತ್ಸವ. ಎರಂಡವಣೆಯ ಒಂದು ಸಭಾಗೃಹದಲ್ಲಿ ಸಣ್ಣ ಪ್ರದರ್ಶನ. ಕಾಕಾ, ಕಾಕೂ ಬರಲೇಬೇಕು ಎಂದು ಪ್ರಾಚಿ ಫೋನ್ ಮಾಡಿದ್ದರು. ಶೈಲಾ ಇಳಕಲ್ ಸೀರೆ ಉಟ್ಟರು. ಇಬ್ಬರೂ ಎರಡು ಬಸ್ಸು ಬದಲಿಸಿ ಹೋದರು. ಸಭಾಗೃಹದ ಒಳಗೋಡೆಯ ಮೇಲೆ, ಗಾಜಿನ ಹಿಂದೆ, ಮೂರು ಚಿತ್ರಗಳಿದ್ದವು. ಕೆಳಗೆ ಚೀಟಿ: ಎಡೋ ಕಾಲ, ಸುಮಾರು 1860. ಡಾ. ಮಾರ್ತಾಂಡ ಅವರ ಸಂಗ್ರಹದಿಂದ.

ಶೈಲಾ ಒಂದು ಚಿತ್ರದ ಮುಂದೆ ನಿಂತರು, ಅಲ್ಲಿಂದ ಕದಲಲಿಲ್ಲ.

"ಏನ್ರಿ, ಇಲ್ಲಿ ಬರ್ರಿ," ಎಂದು ಗಂಡನನ್ನು ಮೆಲ್ಲಗೆ ಕರೆದರು. "ಈ ತೋಳಿನ ಕೆಂಪು ನೋಡ್ರಿ. ಬಲಕ್ಕ ಗಟ್ಟಿ, ಎಡಕ್ಕ ತೆಳು."

"ಏನಾತೀಗ?"

"ಇದು ನನ್ನ ಕೈ."

ಮಾನಪ್ಪ ಕನ್ನಡಕ ಏರಿಸಿ ಬಗ್ಗಿದರು. ಎಡಗಿವಿಯ ಹಿಂದೆ ನಾಲ್ಕನೇ ಎಳೆ ಮತ್ತು ಐದನೇ ಎಳೆ ಬುಡದಲ್ಲಿ ಕೂಡಿಕೊಂಡಿದ್ದವು. ಅಲ್ಲಿ ಮರದ ಗಂಟು ಅಡ್ಡ ಬಂದು ಉಳಿ ಜಾರಿತ್ತು. ಪೃಥ್ವಿರಾಜ್ ಕೊಟ್ಟ ಫೋಟೋದಲ್ಲಿ ಅವು ಬೇರೆ ಬೇರೆ ಇದ್ದವು. ಆಗ ಅದನ್ನು ಅವರೇ ಹೇಳಿದ್ದರು, ಯಾರೂ ಅಷ್ಟು ನೋಡುವುದಿಲ್ಲ ಬಿಡಿ ಎಂಬ ಉತ್ತರ ಬಂದಿತ್ತು.

ಇಬ್ಬರೂ ಹೊರಗೆ ಬಂದು ನೀರಿನ ಡ್ರಮ್ಮಿನ ಹತ್ತಿರ ನಿಂತರು. ಒಳಗೆ ಮಕ್ಕಳು ಜಪಾನಿ ಹಾಡು ಹಾಡುತ್ತಿದ್ದರು.

"ಹೇಳೂಣೇನ್ರಿ?" ಎಂದರು ಶೈಲಾ.

"ಹೇಳಿದ್ರ ನಾಳಿಂದ ಕೆಲಸ ಇಲ್ಲ."

"ಹೇಳಲಿಲ್ಲಂದ್ರ?"

ಮಾನಪ್ಪ ಲೋಟದ ನೀರು ಕುಡಿದು, ಲೋಟ ತೊಳೆದಿಟ್ಟು, ಸೀದಾ ಒಳಗೆ ಹೋದರು. ಚಿತ್ರಗಳ ಮಾಲೀಕ ಮಾರ್ತಾಂಡ ನಿವೃತ್ತ ಕಣ್ಣಿನ ಡಾಕ್ಟರು, ಎಪ್ಪತ್ತೈದು ದಾಟಿದವರು. ಹೆಂಡತಿ ತೀರಿಕೊಂಡ ಮೇಲೆ ಈ ಚಿತ್ರಗಳೇ ಅವರಿಗೆ ಜೊತೆ. ಅವರು ನಾಲ್ಕು ಜನರ ನಡುವೆ ನಿಂತು ಎಡೋ ಕಾಲದ ಮಾತಾಡುತ್ತಿದ್ದರು. ಮಾನಪ್ಪ ಕೈ ಮುಗಿದು, ತಮಗೆ ಬರುವ ಮರಾಠಿಯಲ್ಲಿ, ಆ ನಡುವಿನ ಚಿತ್ರ ಹಳೆಯದಲ್ಲ, ತಾನು ಕೆತ್ತಿದ್ದು, ತನ್ನ ಹೆಂಡತಿ ಒತ್ತಿದ್ದು ಎಂದರು.

ಡಾಕ್ಟರ ಮುಖ ಕೆಂಪಾಯಿತು. "ನೀವು ಸುತಾರಕೆಲಸದವರು, ಬಡಗಿ. ನಿಮ್ಮ ಕೈಗೆ ನಾನು ಮರ್ಯಾದೆ ಕೊಡುತ್ತೇನೆ. ಆದರೆ ತಿಳಿಯದ ವಿಷಯದಲ್ಲಿ ಬಾಯಿ ಹಾಕಬೇಡಿ."

ಪ್ರಾಚಿ ನಡುವೆ ಬಂದು, "ಕಾಕಾ, ನೀವು ಖಂಡಿತವಾಗಿ ಹೇಳುತ್ತೀರಾ?" ಎಂದು ಕೇಳಿದರು. ಡಾಕ್ಟರನ್ನು ಕರೆತಂದವರು ಅವರೇ, ಮಾನಪ್ಪನನ್ನು ಕರೆದವರೂ ಅವರೇ.

"ನಾಳೆ ಮುಂಜಾನೆ ಹಲಗೆ ತರ್ತೇನೆ," ಎಂದರು ಮಾನಪ್ಪ. "ನೋಡಿ. ಆಮೇಲೆ ನೀವು ಏನಂದರೂ ಕೇಳ್ತೇನೆ."

ಮರುದಿನ ಬಾಗಿಲು ತೆರೆಯುವ ಮೊದಲೇ ದಂಪತಿ ರಿಕ್ಷಾದಲ್ಲಿ ಬಂದಿಳಿದರು. ಮಡಿಲಲ್ಲಿ ಹಲಗೆ, ಕಾಲ ಬಳಿ ಬಣ್ಣದ ಬಟ್ಟಲು, ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾಳೆ. ಸಭಾಗೃಹದ ಫರಸಿಯ ಮೇಲೆ ಕೂತು ಶೈಲಾ ಕಪ್ಪು ಸವರಿದರು, ಹಾಳೆ ಇಟ್ಟರು, ತಿಕ್ಕಿದರು, ಎತ್ತಿ ಡಾಕ್ಟರ ಕೈಗೆ ಕೊಟ್ಟರು. ಡಾಕ್ಟರ್ ಗೋಡೆಯ ಚಿತ್ರವನ್ನು ಇಳಿಸಿ, ಗಾಜು ತೆಗೆದು, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು, ಜೇಬಿನಿಂದ ಭೂತಗನ್ನಡಿ ತೆಗೆದರು. ಅರ್ಧ ಗಂಟೆ ನೋಡಿದರು. ಆಮೇಲೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು.

"ಉಳಿದೆರಡು?"

"ಅವೂ ನಮ್ಮವೇ, ಸಾಹೇಬ."

"ಮಾಡುವಾಗ ನಿಮಗೆ ಅನುಮಾನ ಬರಲಿಲ್ಲವೇ?"

ಬರಲಿಲ್ಲ ಎನ್ನಬಹುದಿತ್ತು. ಯಾರೂ ಅದನ್ನು ಸುಳ್ಳು ಎನ್ನುತ್ತಿರಲಿಲ್ಲ. ಮಾನಪ್ಪ ಹಲಗೆಯನ್ನು ಒರೆಸುತ್ತ, ತಲೆ ತಗ್ಗಿಸಿ, "ಬಂದಿತ್ತು," ಎಂದರು. "ಆ ಹಳೆ ಹಾಳೆ ಕಂಡಾಗಲೇ ಬಂದಿತ್ತು. ಕೇಳಿದರೆ ಕೆಲಸ ಹೋಗುತ್ತೆ ಅಂತ ಕೇಳಲಿಲ್ಲ. ಅದು ನನ್ನ ತಪ್ಪು."

ಡಾಕ್ಟರ್ ಎದ್ದು ಹೋದರು. ಎರಡು ದಿನದ ಮೇಲೆ, ಚಿತ್ರಗಳನ್ನು ಹಳೆಯವೆಂದು ತಮಗೆ ಮಾರಿದ್ದ ಅಂಗಡಿಯವನ ಮೇಲೆ ಪೊಲೀಸರಿಗೆ ದೂರು ಕೊಟ್ಟರು. ಪೃಥ್ವಿರಾಜ್ ಅಂಗಡಿಗೆ ಬೀಗ ಬಿತ್ತು. ಪೊಲೀಸರು ನಿಗಡಿಗೂ ಬಂದರು. ಐದು ನಟರ ಐವತ್ತೆಂಟು ಹಲಗೆಗಳು ಮಂಚದ ಕೆಳಗೆ, ಕಪಾಟಿನ ಮೇಲೆ, ದೇವರ ಗೂಡಿನ ಪಕ್ಕ ಸಾಲಾಗಿ ನಿಂತಿದ್ದವು. ಪುರಾವೆ ಎಂದು ಎಲ್ಲವನ್ನೂ ಟೆಂಪೋಗೆ ಏರಿಸಿದರು. ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಮಾನಪ್ಪ ಟೆಂಪೋದ ಹಿಂದೆಯೇ ಠಾಣೆಗೆ ಹೋದರು, ಕೈಯಲ್ಲಿ ಒಂದು ಕಟ್ಟು ಸಣ್ಣ ಕಟ್ಟಿಗೆಯ ರೀಪು.

"ಎರಡು ಹಲಿಗಿ ನಡುವ ಒಂದೊಂದು ರೀಪು ಇಡ್ರಿ, ಗಾಳಿ ಆಡಬೇಕು ಅಂತ ಹವಾಲ್ದಾರಗ ಹೇಳಿದ್ನಿ. ಅಂವಾ ನನ್ನ ಮಾರೀನs ನೋಡಿದ. ಕಡೀಕ ನೀವs ಇಟ್ಟು ಹೋಗ್ರಿ ಅಂದ." ಮಾನಪ್ಪ ಇಷ್ಟು ಹೇಳಿ ಉಳಿಯ ಮೊನೆ ಒರೆಸುತ್ತಾರೆ. ಅದಾದ ಮೇಲೆ ಒಂದು ಮಳೆಗಾಲ ಕಳೆದಿದೆ. ಆ ಕೋಣೆಯ ಗೋಡೆ ಜಿನುಗುತ್ತದೆಯೋ ಇಲ್ಲವೋ ಅವರಿಗೆ ತಿಳಿಯದು.

ಮನೆಯಲ್ಲೂ ಬಿರುಕು ಬಿತ್ತು. ಮಗ ಮಾಂತು ಚಾಕಣದ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾನೆ. ಪೊಲೀಸರು ಮನೆಗೆ ಬಂದ ಸುದ್ದಿ ಅವನ ಲೈನಿನವರೆಗೂ ಹೋಯಿತು. "ಯಾರೂ ಕೇಳಿರಲಿಲ್ಲ. ನೀನs ಹೋಗಿ ಯಾಕ ಹೇಳ್ದಿ, ಅಪ್ಪಾ?" ಎಂದು ಒಂದು ರಾತ್ರಿ ಊಟದ ತಟ್ಟೆ ಸರಿಸಿ ಎದ್ದ. ಒಂದೂವರೆ ತಿಂಗಳು ತಂದೆಯ ಜೊತೆ ಮಾತು ಬಿಟ್ಟ. ಮಾನಪ್ಪ ಮೊಳೆಯಿಂದ ಉಳಿಯ ಚೀಲ ಇಳಿಸಿ ಮತ್ತೆ ಕುರ್ಚಿ ರಿಪೇರಿಗೆ ಹೊರಟರು. ಎಡವಿದ ಹಾಗೆ ಮೆಟ್ಟಿಲು ಇಳಿಯುತ್ತಿದ್ದುದನ್ನು ಶೈಲಾ ಗಮನಿಸಿದ್ದರು. ಕೇಳಿದರೆ ಏನಿಲ್ಲ ಎನ್ನುತ್ತಿದ್ದರು.

ಜೂನ್ ತಿಂಗಳ ಒಂದು ಭಾನುವಾರ ಬಾಗಿಲು ಬಡಿದ ಸದ್ದಾಯಿತು. ಹೊರಗೆ ಡಾಕ್ಟರ್ ಮಾರ್ತಾಂಡ, ಕೊಡೆ ಮಡಚುತ್ತ ನಿಂತಿದ್ದರು. ಹಿಂದೆ ಪ್ರಾಚಿ. ಮಾನಪ್ಪ ಸ್ಟೂಲಿನ ಕಾಲಿಗೆ ಮೊಳೆ ಹೊಡೆಯುತ್ತಿದ್ದರು. ಅವರು ತಲೆ ವಾರೆ ಮಾಡಿ, ಎಡಗಣ್ಣಿನಿಂದಲೇ ನೋಡುತ್ತಿದ್ದುದು ಡಾಕ್ಟರ ಕಣ್ಣಿಗೆ ಮೊದಲು ಬಿತ್ತು.

"ಬಲಗಣ್ಣು ಎಷ್ಟು ದಿನದಿಂದ ಹೀಗಿದೆ?" ಎಂದು ನಮಸ್ಕಾರಕ್ಕಿಂತ ಮೊದಲು ಕೇಳಿದರು. ಮೊಬೈಲ್ ಟಾರ್ಚ್ ಹಾಕಿ, ರೆಪ್ಪೆ ಎತ್ತಿ ನೋಡಿದರು. ಪೊರೆ ಬಲಿತಿತ್ತು. ಮುಂದಿನ ವಾರ ತಮ್ಮ ಶಿಷ್ಯರೊಬ್ಬರ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದರು, ಪಟ್ಟಿ ಬಿಚ್ಚುವಾಗ ತಾವೇ ಪಕ್ಕದಲ್ಲಿ ನಿಂತರು.

ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಡಾಕ್ಟರ್ ಹೇಳಿದ ಮಾತನ್ನು ಮಾನಪ್ಪ ಹಾಗೇ ನೆನಪಿಟ್ಟಿದ್ದಾರೆ. "ನಾಲ್ಕು ತಿಂಗಳು ನಿಮ್ಮ ಮೇಲೆ ಸಿಟ್ಟಿತ್ತು. ಆ ಅಂಗಡಿಯವನ ಮೇಲೆ ಇದ್ದದ್ದಕ್ಕಿಂತ ಹೆಚ್ಚು. ನೀವು ಹೇಳದೆ ಇದ್ದಿದ್ದರೆ ನಾನು ಖುಷಿಯಾಗಿ ಸಾಯುತ್ತಿದ್ದೆ. ಈಗ ಗೋಡೆ ಖಾಲಿ ಇದೆ. ಆ ಮುಖ ನನಗೆ ಬೇಕು, ಮಾನಪ್ಪ. ಇವತ್ತಿನ ಹಾಳೆ, ಇವತ್ತಿನ ಇಸವಿ. ಮಾಡಿಕೊಡುತ್ತೀರಾ?"

ಹಾಗಾಗಿ ಈ ಎರಡನೇ ಹಲಗೆ. ಹೆದ್ದಿ ಮರ ಹುಡುಕಲು ಈ ಸಲ ಮಾಂತು ತನ್ನ ರಜೆಯ ದಿನ ತಂದೆಯ ಜೊತೆ ಯೆರವಡಾದ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತಿದ. ತೊಲೆಯನ್ನು ತಾನೇ ಹೆಗಲ ಮೇಲೆ ಹೊತ್ತು ತಂದು ಹಾಕಿದ. ಪ್ರಾಚಿಯ ವಿದ್ಯಾರ್ಥಿಗಳಲ್ಲಿ ಮೂವತ್ತು ಜನ ತಮಗೂ ಒಂದೊಂದು ಹಾಳೆ ಬೇಕು ಎಂದಿದ್ದಾರೆ. ಕೆಲಸ ಮೊದಲಿನಷ್ಟಿಲ್ಲ. ವಾರದಲ್ಲಿ ಮೂರು ದಿನ ಕುರ್ಚಿ, ಕಪಾಟು ನಡೆದೇ ಇದೆ. ಪೃಥ್ವಿರಾಜ್ ಜಾಮೀನಿನ ಮೇಲಿದ್ದಾರೆ. ಕೇಸು ಇನ್ನೂ ಕೋರ್ಟು ಹತ್ತಿಲ್ಲ.

ಕಳೆದ ತಿಂಗಳು, ಆರೋಪಪಟ್ಟಿ ಸಲ್ಲಿಸುವ ಮೊದಲು, ಠಾಣೆಯವರು ದಂಪತಿಯನ್ನು ಇನ್ನೊಂದು ಸಲ ಹೇಳಿಕೆಗೆ ಕರೆದರು. ಮಾನಪ್ಪ ಮೊದಲು ತಮ್ಮ ಹಲಗೆ ನೋಡಬೇಕು ಎಂದರು, ಕೋಣೆಯ ಕೀಲಿ ಇದ್ದವರು ರಜೆಯಲ್ಲಿದ್ದರು. ಎರಡು ಗಂಟೆ ಪ್ರಶ್ನೆ, ಉತ್ತರ. ಕಡೆಗೆ ಕಂಪ್ಯೂಟರಿನ ಮುಂದೆ ಕೂತಿದ್ದ ಬರಹಗಾರ ಹೇಳಿಕೆಯನ್ನು ಮೇಲಿನಿಂದ ಓದಿದ. ಮಾನಪ್ಪ ಕಾಳಪ್ಪ ಬಡಿಗೇರ, ವಯಸ್ಸು ಅರವತ್ತೆರಡು, ಉದ್ಯೋಗ ಸುತಾರಕೆಲಸ. ಶೈಲಾ ಮಾನಪ್ಪ ಬಡಿಗೇರ, ವಯಸ್ಸು ಐವತ್ತೈದು, ಉದ್ಯೋಗ ಘರಕಾಮ. ಅಂದರೆ ಮನೆಗೆಲಸ.

ಮಾನಪ್ಪ ರುಜು ಹಾಕಲು ಪೆನ್ನು ತೆಗೆದಿದ್ದರು. ಪಕ್ಕದಲ್ಲಿ ಶೈಲಾ ಅಲುಗಾಡಲಿಲ್ಲ. ಮರಾಠಿಯನ್ನು ಅವರು ಕಲಿತದ್ದು ತರಕಾರಿ ಮಂಡಿಯಲ್ಲಿ, ಠಾಣೆಯಂಥ ಜಾಗದಲ್ಲಿ ಗಂಡನೇ ಮಾತಾಡಲಿ ಎಂದು ಯಾವಾಗಲೂ ಹಿಂದೆ ನಿಲ್ಲುವವರು.

"ಸಾಹೇಬ, ತೇ ಖೋಡಾ," ಎಂದರು. ಅದನ್ನು ಹೊಡೆದು ಹಾಕಿ ಎಂದು.

"ಯಾವುದನ್ನು?"

"ಘರಕಾಮ ಅಂತ ಬರೆದಿದ್ದೀರಲ್ಲ, ಅದನ್ನು."

"ಬಾಯಿ, ಎಲ್ಲ ಹೆಂಗಸರಿಗೂ ಹೀಗೇ ಬರೆಯುವುದು. ಏನೂ ಆಗುವುದಿಲ್ಲ, ರುಜು ಮಾಡಿ."

"ಮನೆಗೆಲಸ ನಾನು ಮಾಡುತ್ತೇನೆ, ಇಲ್ಲ ಅನ್ನುವುದಿಲ್ಲ," ಎಂದರು ಶೈಲಾ. "ಆದರೆ ನೀವು ಎರಡು ಗಂಟೆಯಿಂದ ನನ್ನನ್ನು ಕೇಳಿದ್ದು ಅದರ ವಿಷಯವೇ? ಆ ಕೆಂಪು ಯಾರು ಒತ್ತಿದ್ದು ಅಂತ ಕೇಳಿದಿರಿ. ನಾನು ಅಂದೆ. ಹಾಗಾದರೆ ಅದನ್ನೇ ಬರೆಯಿರಿ. ಛಪಾಯಿ."

ಬರಹಗಾರ ಒಳಗಿನ ಅಧಿಕಾರಿಯ ಕಡೆ ನೋಡಿದ. ಅಧಿಕಾರಿ ಬರಿ ಎಂಬಂತೆ ಕೈ ಆಡಿಸಿದರು. ಅವನು ಅಳಿಸಿ, ಒಂದೊಂದೇ ಅಕ್ಷರ ಹುಡುಕಿ, ಮರದ ಅಚ್ಚಿನ ಮುದ್ರಣ ಎಂದು ಮರಾಠಿಯಲ್ಲಿ ಒತ್ತಿದ. ಶೈಲಾ ಪರದೆಯ ಹತ್ತಿರ ಬಗ್ಗಿ, ಅಕ್ಷರ ಕೂಡಿಸಿ ಓದಿ, ಸರಿ ಎಂದರು.

ಈ ಪ್ರಸಂಗ ಹೇಳುವಾಗ ಮಾನಪ್ಪ ಉಳಿ ಕೆಳಗಿಟ್ಟಿದ್ದಾರೆ. ಬೆಳಕು ಹರಿದಿದೆ, ಇವತ್ತಿನ ನಾಲ್ಕು ಎಳೆ ಮುಗಿದಿವೆ. ಅಡುಗೆಮನೆಯಿಂದ ಬ್ರಷ್ಷು ಹಲಗೆಗೆ ತಾಗುವ ಸದ್ದು ಒಂದೇ ಸಮ ಬರುತ್ತಿದೆ.

"ನಾ ಪೆನ್ನು ಹಿಡಕೊಂಡು ಹಂಗs ಕುಂತಿದ್ನಿರಿ," ಎನ್ನುತ್ತಾರೆ. "ಅಕಿದು ಆದಮ್ಯಾಲ ನನಗೂ ತಡೀಲಿಕ್ಕಾಗಲಿಲ್ಲ. ಸಾಹೇಬ್ರ, ನಂದೂ ತಿದ್ರಿ ಅಂದೆ. ಅಂವಾ ಬ್ಯಾಸತ್ತು, ಈಗ ನಿಮ್ಮದೇನ್ರಿ ಅಂದ. ನಲವತ್ತು ವರ್ಷ ಕೆಲಸ ಮಾಡೀನಿ, ಅದಕ್ಕ ಏನಂತಾರಂತ ನನ್ನ ಬಾಯಿಂದ ನಾನs ಹೇಳಿರಲಿಲ್ಲ. ಅಚ್ಚು ಕೆತ್ತತೀನಿ ಅಂದೆ. ಬರಕೊಂಡ."